ತಲೆಪೆಟ್ಟಿನ ನೋವಿಗೆ ಕಾಂತದ ಸುರುಳಿ: ಈ ಸಂಶೋಧನೆ ನಮ್ಮ ಭಾಗದಲ್ಲಿ ನಡೆಯಬೇಕೇ?

ತಲೆಗೆ ಪೆಟ್ಟು ಬಿದ್ದ ಮೇಲೆ ತಿಂಗಳುಗಟ್ಟಲೆ ಬಿಡದ ತೊಂದರೆಗಳಿಗೂ, ಅಪಘಾತ-ಅನಾಹುತಗಳ ನಂತರ ಆ ಭಯದ ನೆನಪು ಬಿಡದೆ ಕಾಡುವ ಪಿಟಿಎಸ್‌ಡಿ ಎಂಬ ಮನೋವ್ಯಾಧಿಗೂ ಮಿದುಳಿನ ಕಾಂತ ಪ್ರಚೋದನೆಯಿಂದ, ಅಂದರೆ ಟಿಎಂಎಸ್‌ನಿಂದ, ಪರಿಹಾರವಿದೆಯೇ ಎಂಬ ಪರೀಕ್ಷೆಯನ್ನು ಹುಬ್ಬಳ್ಳಿ-ಧಾರವಾಡದ ಸರ್ಕಾರಿ ದವಾಖಾನೆಗಳು ಕೈಗೊಳ್ಳಬೇಕೇ ಎಂಬುದು ಇಲ್ಲಿನ ಪ್ರಶ್ನೆ.

ಪರ

ದೀಪಾವಳಿ ಮುಗಿಯುತ್ತಲೇ ಹಾವೇರಿ ಜಿಲ್ಲೆಯ ಊರೂರಲ್ಲಿ ಹೋರಿ ಬೆದರಿಸುವ ಹಬ್ಬ ನಡೆಯುತ್ತದೆ. ಹೋರಿಗೆ ಕಟ್ಟಿದ ಕೊಬ್ಬರಿ ಹರಿಯಲು ನುಗ್ಗಿದ ಹುಡುಗನೊಬ್ಬ ಬಿದ್ದು, ಅರೆಕ್ಷಣ ಎಚ್ಚರ ತಪ್ಪಿ, ಮತ್ತೆ ಎದ್ದು ಮನೆಗೆ ನಡೆದುಕೊಂಡೇ ಹೋಗುತ್ತಾನೆ. ಸ್ಕ್ಯಾನಿಂಗ್ ಮಾಡಿಸಿದರೆ ‘ನಾರ್ಮಲ್’ ಎಂದೇ ಬರುತ್ತದೆ, ಏಕೆಂದರೆ ಇಂಥ ಪೆಟ್ಟಿನಲ್ಲಿ ಕೆಡುವುದು ಹೆಚ್ಚಾಗಿ ಮಿದುಳಿನ ಕೆಲಸವೇ ಹೊರತು ಸಿ.ಟಿ. ಚಿತ್ರದಲ್ಲಿ ಕಾಣುವ ಅದರ ಆಕಾರವಲ್ಲ. ಹೆಚ್ಚಿನವರು ಕೆಲವು ವಾರಗಳಲ್ಲಿ ಸುಧಾರಿಸಿಕೊಳ್ಳುತ್ತಾರೆ. ಕೆಲವರಿಗೆ ಮಾತ್ರ ತಲೆನೋವು, ತಲೆಸುತ್ತು, ನಿದ್ದೆಗೇಡು, ಮರೆವು, ಬೆಳಕು ಮತ್ತು ಸದ್ದನ್ನು ತಾಳಲಾಗದ ಕಿರಿಕಿರಿ ಮೂರು ತಿಂಗಳು ಕಳೆದರೂ ಹೋಗುವುದಿಲ್ಲ. ಅಷ್ಟರೊಳಗೆ ಮನೆಯವರು ಅವನನ್ನು ಮೈಗಳ್ಳನೆಂದು ತೀರ್ಮಾನಿಸಿರುತ್ತಾರೆ.

ಹುಬ್ಬಳ್ಳಿ-ಧಾರವಾಡ ಬೈಪಾಸಿನಲ್ಲಿ ಪೆಟ್ಟು ತಿಂದವರ ಸ್ಥಿತಿ ಇನ್ನೂ ತೊಡಕಿನದು. ಒಂದೇ ಅಪಘಾತ ಮಿದುಳಿಗೂ ಏಟು ಕೊಡುತ್ತದೆ, ಮನಸ್ಸಿನಲ್ಲೂ ಆ ದೃಶ್ಯವನ್ನು ನಾಟಿಸುತ್ತದೆ. ನಿದ್ದೆ ಬಾರದಿರುವುದು, ಸಿಡುಕು, ಮರೆವು ಎರಡೂ ಕಾಯಿಲೆಗಳ ಲಕ್ಷಣಗಳಾಗಿರುವುದರಿಂದ ಯಾವುದು ಯಾವುದರದು ಎಂದು ಬೇರ್ಪಡಿಸುವುದು ಅನುಭವಿ ವೈದ್ಯರಿಗೂ ಕಷ್ಟ. 2019ರ ಮಾರ್ಚ್‌ನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟಡ ಕುಸಿದಾಗ ಅವಶೇಷಗಳಡಿಯಿಂದ ಬದುಕಿ ಬಂದವರನ್ನೂ ಇಲ್ಲಿ ನೆನೆಯಬೇಕು.

ಇವರಿಗೆ ಕೊಡಲು ಇಂದು ಇರುವುದೇನು? ಪಿಟಿಎಸ್‌ಡಿಗೆಂದೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿರುವ ಔಷಧಗಳು ಸರ್ಟ್ರಲಿನ್ ಮತ್ತು ಪ್ಯಾರಾಕ್ಸೆಟಿನ್ ಎರಡೇ. ಉಳಿದುಬಿಟ್ಟ ತಲೆಪೆಟ್ಟಿನ ತೊಂದರೆಗೆ ಅಂಥದ್ದು ಒಂದೂ ಇಲ್ಲ. ಇತ್ತ ಟಿಎಂಎಸ್ ಹೊಸ ಚಮತ್ಕಾರವೇನಲ್ಲ. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಟನಿ ಬಾರ್ಕರ್ ಮತ್ತು ಸಂಗಡಿಗರು ಇದನ್ನು ತೋರಿಸಿಕೊಟ್ಟರು. 2008ರಲ್ಲಿ ಖಿನ್ನತೆಗೆ, 2018ರಲ್ಲಿ ಗೀಳು ಕಾಯಿಲೆಗೆ ಎಫ್‌ಡಿಎ ಒಪ್ಪಿಗೆ ಸಿಕ್ಕಿತು. ಕುರ್ಚಿಯಲ್ಲಿ ಎಚ್ಚರವಾಗಿಯೇ ಕುಳಿತವರ ತಲೆಗೆ ತಾಗಿಸಿದ ತಂತಿಯ ಸುರುಳಿ ಕ್ಷಣಮಾತ್ರ ಕಾಂತಕ್ಷೇತ್ರವನ್ನು ಉಂಟುಮಾಡುತ್ತದೆ. ಅದರಿಂದ ಮಿದುಳಿನ ಮೇಲ್ಪದರದಲ್ಲಿ ಸಣ್ಣ ವಿದ್ಯುತ್ ಹರಿದು ನರಕೋಶಗಳು ಚುರುಕಾಗುತ್ತವೆ. ನಮ್ಮ ಜನ ಹೆದರುವ ‘ಕರೆಂಟ್ ಕೊಡೋದು’ ಇದಲ್ಲ. ಅದರಲ್ಲಿ ಅರಿವಳಿಕೆ ಕೊಟ್ಟು ಬೇಕೆಂದೇ ಫಿಟ್ಸ್ ಬರಿಸುತ್ತಾರೆ.

ಫಿಟ್ಸ್ ಬಂದೀತೆಂಬ ಅಂಜಿಕೆಯಿಂದಲೇ ತಲೆಪೆಟ್ಟಿನ ಇತಿಹಾಸವುಳ್ಳವರನ್ನು ಟಿಎಂಎಸ್‌ನ ಅನೇಕ ಅಧ್ಯಯನಗಳು ಹೊರಗಿಟ್ಟವು. ಅವರನ್ನು ಹೊರಗಿಟ್ಟು, ಆಮೇಲೆ ಅವರ ವಿಷಯದಲ್ಲಿ ಪುರಾವೆ ಸಾಲದೆಂದು ಹೇಳುವುದು ನ್ಯಾಯವಲ್ಲ. ಪಿಟಿಎಸ್‌ಡಿಯ ಕುರಿತು ಆಗಿರುವ ಕೆಲಸದಲ್ಲಿಯೂ ಬಹಳಷ್ಟು ಅಮೆರಿಕದ ಮಾಜಿ ಸೈನಿಕರ ಮೇಲಿನದು. ಬಾಂಬ್ ಸಿಡಿತದಲ್ಲಿ ನೊಂದ ಸೈನಿಕನಿಗೆ ಸಿಕ್ಕ ಫಲ ಬೈಕಿನಿಂದ ಬಿದ್ದ ಕುಂದಗೋಳದ ರೈತನಿಗೂ ಸಿಗುತ್ತದೆಯೇ ಎಂಬುದನ್ನು ಇಲ್ಲಿಯೇ ನೋಡಿ ತಿಳಿಯಬೇಕು. 1845ರಿಂದ ಮನೋರೋಗಿಗಳನ್ನು ನೋಡಿಕೊಂಡು ಬಂದಿರುವ ಧಾರವಾಡದ ಆಸ್ಪತ್ರೆ ಇಂದು ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆಯಾಗಿದೆ, ಹುಬ್ಬಳ್ಳಿಯಲ್ಲಿ ಜನ ಕಿಮ್ಸ್ ಎಂದೇ ಕರೆಯುತ್ತ ಬಂದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ರೋಗಿಗಳು ಬರುವುದೇ ಇಲ್ಲಿಗೆ.

ವಿರೋಧ

ಮೊದಲ ಆಕ್ಷೇಪ ಪುರಾವೆಯದೇ. 2018ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಔಷಧಕ್ಕೆ ಬಗ್ಗದ ಖಿನ್ನತೆಯಿದ್ದ 164 ಮಾಜಿ ಸೈನಿಕರು ಇದ್ದರು. ಅವರಲ್ಲಿ ಅನೇಕರಿಗೆ ಪಿಟಿಎಸ್‌ಡಿಯೂ ಇತ್ತು. ನಿಜವಾದ ಟಿಎಂಎಸ್ ಪಡೆದವರಲ್ಲಿ ಶೇ 41ರಷ್ಟು ಜನ ಖಿನ್ನತೆಯಿಂದ ಹೊರಬಂದರು. ಹೋಲಿಕೆಗೆಂದು ಇಟ್ಟ, ಮಿದುಳನ್ನು ಪ್ರಚೋದಿಸದ ಹುಸಿ ಸುರುಳಿಯ ಕೆಳಗೆ ಕುಳಿತವರಲ್ಲಿ ಶೇ 37ರಷ್ಟು. ಆ ಅಂತರಕ್ಕೆ ಸಂಖ್ಯಾಶಾಸ್ತ್ರದ ಬೆಲೆಯಿರಲಿಲ್ಲ. 2021ರ ಇನ್ನೊಂದು ಅಧ್ಯಯನದಲ್ಲಿ, ಆಘಾತದ ನೆನಪನ್ನು ಕೆದಕಿ ಅದರ ಬೆನ್ನಿಗೇ ಮಿದುಳಿನ ಇನ್ನಷ್ಟು ಆಳಕ್ಕೆ ಮುಟ್ಟುವ ಟಿಎಂಎಸ್ ಕೊಟ್ಟಾಗ, ಹುಸಿ ಚಿಕಿತ್ಸೆಯ ಗುಂಪೇ ಹೆಚ್ಚು ಸುಧಾರಿಸಿತು. ಯಂತ್ರವನ್ನು ಮೆಚ್ಚುವವರು ಈ ಎರಡನೆಯದನ್ನು ಬೇಗ ಮರೆಯುತ್ತಾರೆ. ವಾರಗಟ್ಟಲೆ ಯಾರೋ ಹೆಸರು ಹಿಡಿದು ಕರೆದು, ‘ನಿನ್ನೆ ನಿದ್ದೆ ಬಂತೇ’ ಎಂದು ವಿಚಾರಿಸುವುದರಲ್ಲಿ ಎಷ್ಟು ಗುಣವಿದೆಯೆಂಬುದನ್ನು ಅಳೆಯಲು ಅಷ್ಟು ದುಬಾರಿ ಯಂತ್ರ ಬೇಕಿಲ್ಲ.

ಎರಡನೆಯದು ದಾರಿಯ ಮಾತು. ರೂಢಿಯಲ್ಲಿರುವ ಕ್ರಮ ವಾರಕ್ಕೆ ಐದು ದಿನ, ಆರು ವಾರ. ಒಟ್ಟು 30 ಸರತಿ. ಹಳೆಯ ವಿಧಾನದ 37 ನಿಮಿಷದ ಬದಲು ಹೊಸ ವಿಧಾನದಲ್ಲಿ ಮೂರೇ ನಿಮಿಷ ಸಾಕು ಎಂದು ಪರವಾದಿಗಳು ಹೇಳಬಹುದು. ಹಾವೇರಿಯಿಂದ ಬರುವವರಿಗೆ ಆ ಮೂರು ನಿಮಿಷಕ್ಕಾಗಿ ಇಡೀ ದಿನದ ಕೂಲಿ ಹೋಗುತ್ತದೆ. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಬಸ್ ಉಚಿತವಾದರೂ ಅವರು ಹೊರಟಾಗ ಮನೆ, ದನ, ಮಕ್ಕಳನ್ನು ನೋಡಿಕೊಳ್ಳುವವರಾರು? ಬಸ್ಸಿನ ಕುಲುಕಾಟ, ಹಾರ್ನ್, ಬಿಸಿಲುಗಳೇ ತಲೆಪೆಟ್ಟಿನವರನ್ನು ಕಂಗೆಡಿಸುವಂಥವು. ಚಿಕಿತ್ಸೆಯ ಫಲ ಯಾವುದು, ಪ್ರಯಾಣದ ದಣಿವು ಯಾವುದು ಎಂಬುದೇ ಗೊಂದಲವಾಗುತ್ತದೆ.

ಫಿಟ್ಸ್ ಅಪರೂಪವೆಂಬುದು ನಿಜ. ಆದರೆ ಆ ಲೆಕ್ಕ ಬಹುತೇಕ ತಲೆಗೆ ಪೆಟ್ಟು ಬೀಳದವರಿಂದ ಬಂದದ್ದು, ಮತ್ತು ಪರವಾದಿಗಳೇ ಅದನ್ನು ಒಪ್ಪುತ್ತಾರೆ. ತಲೆಯಲ್ಲಿ ಕಾಂತಕ್ಕೆ ಸಿಗುವ ಲೋಹದ ಕ್ಲಿಪ್ಪುಗಳಿರುವವರಿಗೆ ಇದು ಸಲ್ಲದು. ಹಳೆಯ ಆಪರೇಷನ್ನಿನ ಕಾಗದಗಳನ್ನು ಎಷ್ಟು ಮನೆಗಳು ಜೋಪಾನವಾಗಿ ಇಟ್ಟಿರುತ್ತವೆ?

ಎಲ್ಲಕ್ಕಿಂತ ಕಠಿಣವಾದದ್ದು ಒಪ್ಪಿಗೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಸಂಶೋಧನೆಗೆ ರೋಗಿಯ ಮುಕ್ತ, ತಿಳಿದು ಕೊಟ್ಟ ಒಪ್ಪಿಗೆಯನ್ನು ಕೇಳುತ್ತದೆ. ನಮ್ಮಲ್ಲಿ ವೈದ್ಯರ ಮುಂದೆ ಕುಳಿತವರು ಹೇಳುವುದು ‘ನೀವು ಹೆಂಗ ಅಂತೀರಿ ಹಂಗ್ರೀ ಸಾಹೇಬ್ರ’ ಎಂದು. ಅದು ನಂಬಿಕೆ, ಒಪ್ಪಿಗೆಯಲ್ಲ. ಮರೆವೇ ಕಾಯಿಲೆಯ ಲಕ್ಷಣವಾಗಿರುವಾಗ, ‘ನಿಮಗೆ ಹುಸಿ ಚಿಕಿತ್ಸೆಯೂ ಸಿಗಬಹುದು’ ಎಂಬ ಮಾತು ಮೂರನೆಯ ವಾರದಲ್ಲಿ ಅವರಿಗೆ ನೆನಪಿದೆಯೇ ಎಂದು ಮತ್ತೆ ಕೇಳಬೇಕಾಗುತ್ತದೆ. ಹುಸಿ ಗುಂಪಿನಲ್ಲಿದ್ದವರಿಗೆ ಆಮೇಲೆ ನಿಜವಾದ ಸರತಿಗಳು ಸಿಗುತ್ತವೆಯೇ, ಅಧ್ಯಯನದ ಹಣ ಮುಗಿದ ಮೇಲೆ ಆ ಕುರ್ಚಿ ಅಲ್ಲೇ ಉಳಿಯುತ್ತದೆಯೇ ಎಂಬುದನ್ನು ಒಪ್ಪಿಗೆ ಪತ್ರದಲ್ಲಿಯೇ, ಕನ್ನಡದಲ್ಲಿ, ದಪ್ಪ ಅಕ್ಷರಗಳಲ್ಲಿ ಬರೆಯುವವರೆಗೆ ಆ ಪತ್ರದ ಮೇಲೆ ಯಾರ ಹೆಬ್ಬೆಟ್ಟನ್ನೂ ಒತ್ತಿಸಿಕೊಳ್ಳಬಾರದು.