ದೂರುಗಳ ಸಂಖ್ಯೆಯಿಂದ ವಾಹಿನಿ ಬಂದ್ ಆಗುವುದಿಲ್ಲ: ಸ್ಪಷ್ಟನೆ

ಸಾವಿರಾರು ವೀಕ್ಷಕರು ಒಟ್ಟಾಗಿ ದೂರು ಸಲ್ಲಿಸಿದರೆ ಟಿ.ವಿ. ವಾಹಿನಿಯ ಪ್ರಸಾರ ತಾನಾಗಿಯೇ ಸ್ಥಗಿತಗೊಳ್ಳುತ್ತದೆ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ, ಇದು ಸರಿಯಲ್ಲ. ಕೇಬಲ್ ಟೆಲಿವಿಷನ್ ಜಾಲಗಳ ನಿಯಮಗಳಿಗೆ 2021ರ ಜೂನ್‌ನಲ್ಲಿ ತಂದ ತಿದ್ದುಪಡಿಯ ಪ್ರಕಾರ ದೂರು ಮೊದಲು ವಾಹಿನಿಗೇ ಹೋಗಬೇಕು, ವಾಹಿನಿ 15 ದಿನಗಳೊಳಗೆ ತನ್ನ ನಿರ್ಧಾರ ತಿಳಿಸಬೇಕು. ಅದರಿಂದ ಸಮಾಧಾನವಾಗದವರು ಮುಂದಿನ 15 ದಿನಗಳಲ್ಲಿ, ಆ ವಾಹಿನಿ ಸದಸ್ಯತ್ವ ಹೊಂದಿರುವ ಸ್ವಯಂ ನಿಯಂತ್ರಣ ಸಂಸ್ಥೆಗೆ (ವಾಹಿನಿಗಳೇ ಸೇರಿ ರಚಿಸಿಕೊಂಡ ಸಂಸ್ಥೆ) ಮೇಲ್ಮನವಿ ಸಲ್ಲಿಸಬಹುದು. ಮೂರನೆಯ ಹಂತ ಕೇಂದ್ರ ಸರ್ಕಾರದ ಮೇಲ್ವಿಚಾರಣೆ. ಪ್ರಸಾರವಾದ ದೃಶ್ಯ ಅಥವಾ ಮಾತು, ಧರ್ಮ ಮತ್ತು ಸಮುದಾಯಗಳ ಮೇಲಿನ ದಾಳಿಯನ್ನು ನಿಷೇಧಿಸುವ ಕಾರ್ಯಕ್ರಮ ಸಂಹಿತೆಯಂಥ ನಿಯಮಗಳನ್ನು ಮೀರಿದೆಯೇ ಎಂಬುದೇ ಇಲ್ಲಿ ಮುಖ್ಯ ಪ್ರಶ್ನೆ. ಹೀಗಾಗಿ ಕಾರ್ಯಕ್ರಮದ ಹೆಸರು, ದಿನಾಂಕ, ಸಮಯ ಮತ್ತು ಆಕ್ಷೇಪವಿರುವ ಭಾಗವನ್ನು ನಿಖರವಾಗಿ ನಮೂದಿಸಿದ ಒಂದೇ ದೂರು, ನಕಲು ಮಾಡಿ ಕಳುಹಿಸಿದ ಸಾವಿರ ಸಂದೇಶಗಳಿಗಿಂತ ಹೆಚ್ಚು ಪ್ರಯೋಜನಕಾರಿ ಎಂಬುದು ನನ್ನ ದೃಢ ಅಭಿಪ್ರಾಯ.