ಹತ್ತು ಗಂಟೆಗೂ ಎರಡು ಗಂಟೆಗೂ ನಡುವೆ ಒಂದು ಗಂಟು

ಊಟದ ಮೇಜಿನ ಮೇಲೆ ಮೂರು ದಿನದಿಂದ ಒಂದು ಗಂಟು ಕುಳಿತಿದೆ. ಅಂಗೈ ತುಂಬುವಷ್ಟು ನೈಲಾನ್ ದಾರ. ಬಿಡಿಸಿದರೆ 9 ಅಡಿ ಉದ್ದ. ಬುಡದಲ್ಲಿ ದಪ್ಪ, ತುದಿಗೆ ಹೋದಂತೆ ಕೂದಲೆಳೆ. ಶನಿವಾರ ಬೆಳಿಗ್ಗೆಯವರೆಗೂ ನೆಟ್ಟಗೇ ಇತ್ತು. ಈಗ ಕನ್ನಡಕ ಮೂಗಿನ ತುದಿಗೆ ಇಳಿಸಿ, ಹೊಲಿಗೆ ಸೂಜಿ ಹಿಡಿದು ಕೂತರೆ ಒಂದು ಕುಣಿಕೆ ಬಿಡುವಷ್ಟರಲ್ಲಿ ಎರಡು ಬಿಗಿಯುತ್ತವೆ. "ಅದನ್ನು ತೆಗೆದರೆ ತಟ್ಟೆ ಇಡಬಹುದಿತ್ತು" ಎಂದು ಹೆಂಡತಿ ಎರಡು ಸಲ ಹೇಳಿದಳು. ಮೂರನೆಯ ಸಲ ಹೇಳಲಿಲ್ಲ, ತಟ್ಟೆಯನ್ನು ಗಂಟಿನ ಮೇಲೆಯೇ ಇಟ್ಟಳು.

ಎಂಟು ವರ್ಷದ ಮಗಳಿಗೆ ಫ್ಲೈ ಫಿಶಿಂಗ್, ಅಂದರೆ ಕೊಕ್ಕೆಗೆ ನಕಲಿ ನೊಣ ಕಟ್ಟಿ ಮೀನು ಹಿಡಿಯುವುದನ್ನು, ಕಲಿಸಲು ಹೋದದ್ದರ ಫಲ ಇದು. ಡೆನ್ವರ್‌ಗೆ ಬಂದು ಹನ್ನೊಂದು ವರ್ಷವಾದರೂ ನಾನು ಗಾಳ ಮುಟ್ಟಿರಲಿಲ್ಲ. ಪಕ್ಕದ ಮನೆಯ ನಿವೃತ್ತ ಅಜ್ಜ ಬೇಲಿಯಾಚೆಯಿಂದ, ಕೋಲು ನಾನು ಕೊಡುತ್ತೇನೆ, ಮಗುವನ್ನು ಕರೆದುಕೊಂಡು ಹೋಗು ಎಂದರು. ಮೊದಲ ಸಲಕ್ಕೆ ಯಾವುದಾದರೂ ಕೆರೆ ಸಾಕು, ಅಲ್ಲಿಯ ಬ್ಲೂಗಿಲ್ ಮೀನುಗಳು ಏನು ಹಾಕಿದರೂ ಕಚ್ಚುತ್ತವೆ ಎಂದೂ ಸೇರಿಸಿದರು. ನನಗೆ ಅವಮಾನವಾಯಿತು. ತೀರ್ಥಹಳ್ಳಿಯ ಕಡೆ, ಚಡ್ಡಿ ಹಾಕುವ ಮೊದಲೇ ಗಾಳ ಹಾಕಿದವನು ಕೆರೆಗೆ ಹೋಗುವುದೇ? ಸೌತ್ ಪ್ಲಾಟ್ ನದಿಗೇ ಹೋಗುತ್ತೇವೆ ಎಂದುಬಿಟ್ಟೆ. ಅಜ್ಜ ಏನೂ ಹೇಳದೆ ಹುಬ್ಬು ಮಾತ್ರ ಏರಿಸಿದರು.

ನಮ್ಮ ಗಾಳದಲ್ಲಿ ಭಾರವಿರುವುದು ತುದಿಯಲ್ಲಿ. ಎರೆಹುಳು, ಒಂದು ಚೂರು ಸೀಸ. ಬೀಸಿದರೆ ಅವೇ ದಾರವನ್ನು ಎಳೆದುಕೊಂಡು ಹೋಗುತ್ತವೆ. ಇಲ್ಲಿ ಎಲ್ಲವೂ ತಲೆಕೆಳಗು. ಕೊಕ್ಕೆಗೆ ಸುತ್ತಿರುವುದು ಗರಿ ಮತ್ತು ತುಪ್ಪಳ. ಉಫ್ ಎಂದರೆ ಹಾರುತ್ತದೆ. ಅದನ್ನು ಕಟ್ಟುವುದು ಈಗ ನನ್ನ ಮೇಜಿನ ಮೇಲಿರುವ ನೈಲಾನ್ ದಾರದ ತುದಿಗೆ. ಭಾರವೆಲ್ಲ ಅದರ ಹಿಂದಿನ ದಪ್ಪ ಬಣ್ಣದ ದಾರದಲ್ಲಿ. ಆ ದಾರವನ್ನು ಹಿಂದಕ್ಕೆ ಬೀಸಿ, ಬೆನ್ನ ಹಿಂದೆ ಅದು ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾದು, ಆಮೇಲೆ ಮುಂದಕ್ಕೆ ಬೀಸಬೇಕು. ಕಾಣದ ಕಡೆ ಆಗುತ್ತಿರುವ ಕೆಲಸಕ್ಕೆ ಕಾಯಬೇಕು. ಕಾಯದಿದ್ದರೆ ಏನಾಗುತ್ತದೆ ಎಂಬುದು ನನ್ನ ಮೇಜಿನ ಮೇಲಿದೆ.

ಇದನ್ನು ಕಲಿಸಲು ಈ ನಾಡಿನವರು ಗಡಿಯಾರ ಬಳಸುತ್ತಾರೆ. ಕೋಲು ಮುಂದೆ ಹತ್ತು ಗಂಟೆಗೆ ನಿಲ್ಲಬೇಕು, ಹಿಂದೆ ಎರಡು ಗಂಟೆಗೆ. ನಮ್ಮ ಹಿತ್ತಲಿನ ಹುಲ್ಲಿನ ಮೇಲೆ, ಕೊಕ್ಕೆಯ ಬದಲು ಕೆಂಪು ಉಣ್ಣೆಯ ತುಂಡು ಕಟ್ಟಿ, ಅಜ್ಜ ಪಾಠ ಶುರು ಮಾಡಿದರು. "ಹತ್ತು! ಎರಡು! ಹತ್ತು! ಎರಡು!" ಮಗಳು ಕೋಲು ಇಳಿಸಿ ನನ್ನ ಕಡೆ ತಿರುಗಿದಳು.

"ಅಪ್ಪ, ಬೆಳಗಿನ ಹತ್ತೋ, ರಾತ್ರಿಯ ಹತ್ತೋ?"

ತಪ್ಪು ಅವಳದಲ್ಲ. ಒಲೆ, ಮೈಕ್ರೋವೇವ್, ಕಾರು, ಮೊಬೈಲ್, ಎಲ್ಲ ಕಡೆಯೂ ಅಂಕಿಗಳೇ. ಮುಳ್ಳಿನ ಗಡಿಯಾರವನ್ನು ಶಾಲೆಯಲ್ಲಿ ಕಲಿಸಿದ್ದರು, ಪರೀಕ್ಷೆಯ ಮರುದಿನ ಅವಳು ಮರೆತಿದ್ದಳು. ಕೊನೆಗೆ ಮದುವೆಯಲ್ಲಿ ಉಡುಗೊರೆ ಬಂದು ಇಂದಿಗೂ ಡಬ್ಬಿಯಲ್ಲೇ ಇದ್ದ, ತಿರುಪತಿ ತಿಮ್ಮಪ್ಪನ ಚಿತ್ರವಿರುವ ಗೋಡೆ ಗಡಿಯಾರವನ್ನು ತಂದು ಬೇಲಿಗೆ ಒರಗಿಸಿದೆ. ಅಜ್ಜ ಸಂಭ್ರಮದಿಂದ ಮುಳ್ಳು ತಿರುಗಿಸಿ ಹತ್ತೂ ಹತ್ತಕ್ಕೆ ಇಟ್ಟರು. ನೋಡು, ಒಂದು ಮುಳ್ಳು ಹತ್ತರ ಮೇಲೆ, ಇನ್ನೊಂದು ಎರಡರ ಮೇಲೆ, ಇವುಗಳ ನಡುವೆ ಬೀಸು! ಮಗಳು ಬಹಳ ಹೊತ್ತು ನೋಡಿದಳು. ಮರೆತಿದ್ದ ಪಾಠ ಆಗಲೇ ನೆನಪಾಗಬೇಕೇ? "ಅದು ಹತ್ತು ಗಂಟೆ ಹತ್ತು ನಿಮಿಷ. ಎರಡು ಗಂಟೆ ಇದರಲ್ಲಿ ಇಲ್ಲವೇ ಇಲ್ಲ."

ಅದು ಇತ್ಯರ್ಥವಾಗುವ ಹೊತ್ತಿಗೆ ನನ್ನ ತಕರಾರು ಎದ್ದಿತು. ಅಜ್ಜ ನಿಂತಿದ್ದದ್ದು ಅವಳ ಎಡಕ್ಕೆ, ನಾನು ಬಲಕ್ಕೆ. ಅವರ ಕಡೆಯಿಂದ ಹತ್ತಾದದ್ದು ನನ್ನ ಕಡೆಯಿಂದ ಎರಡು. ಅವರು ಹತ್ತು ಎಂದು ಕೂಗಿದಾಗ ನಾನು ಎರಡು ಎಂದು ಕೂಗುತ್ತಿದ್ದೆ, ಇಬ್ಬರೂ ಸರಿಯಾಗಿದ್ದೆವು. "ಹನ್ನೆರಡಕ್ಕೆ ನಿಲ್ಲಿಸಿಬಿಡಲೇ?" ಎಂದು ಮಗಳು ಕೇಳಿದಳು. ಆ ಹಿತ್ತಲಿನಲ್ಲಿ ಬುದ್ಧಿ ಇದ್ದದ್ದು ಅವಳೊಬ್ಬಳಿಗೇ.

ನದಿಯ ಕಥೆ ಚಿಕ್ಕದು. ಕೊಲೊರಾಡೊದಲ್ಲಿ 16 ತುಂಬದ ಮಕ್ಕಳಿಗೆ ಪರವಾನಗಿ ಬೇಡ, ಅಪ್ಪನಿಗೆ ಬೇಕು, ದುಡ್ಡು ಕಟ್ಟಿದೆ. ಡೆಕರ್ಸ್ ಬಳಿ ನೀರು ಗಾಜಿನಂತಿತ್ತು. ಬ್ರೌನ್ ಟ್ರೌಟ್‌ಗಳು ಶೃಂಗೇರಿಯ ಮಠದ ಮುಂದಿನ ಮೀನುಗಳಷ್ಟೇ ನಿಶ್ಚಿಂತೆಯಿಂದ ಓಲಾಡುತ್ತಿದ್ದವು. ಅವೂ ನಮ್ಮಂತೆ ವಲಸೆ ಬಂದವುಗಳೇ. 1883ರಲ್ಲಿ ಜರ್ಮನಿಯಿಂದ ಮೊಟ್ಟೆಗಳಾಗಿ ಅಮೆರಿಕಕ್ಕೆ ಬಂದ ಕುಲ. ಗ್ರೀನ್ ಕಾರ್ಡಿನ ಸರದಿ ನಿಲ್ಲದೆ ನೆಲೆಸಿಬಿಟ್ಟವು. ನೂರಾರು ಜನರ ಗಾಳ ನೋಡಿ ನೋಡಿ ಪಳಗಿದ ಈ ಮೀನುಗಳ ಮುಂದೆ ನಾನು 'ಆಡಮ್ಸ್' ಎಂಬ ಬೂದು ನೊಣ ಕಟ್ಟಿದೆ. 1922ರಲ್ಲಿ ಮಿಶಿಗನ್‌ನಲ್ಲಿ ಹುಟ್ಟಿದ ಹಳೆಯ ನಮೂನೆ, ನಂಬಿಕಸ್ಥ ಎಂದಿದ್ದರು ಅಜ್ಜ. ಮೊದಲ ಆಡಮ್ಸ್ ಹಿಂದಿನ ವಿಲ್ಲೋ ಪೊದೆಗೆ ಹೋಯಿತು. ಎರಡನೆಯದು ನನ್ನ ಟೋಪಿಗೆ. ಮೂರನೆಯದಕ್ಕೆ ಗಾಳಿ ಸೇರಿಕೊಂಡು ಈ ಗಂಟು.

ತಲೆ ಎತ್ತಿದಾಗ ಮಗಳು ಕೋಲಿನ ಹತ್ತಿರ ಇರಲಿಲ್ಲ. ದಡದಲ್ಲಿ ಕುಕ್ಕರಗಾಲಿನಲ್ಲಿ ಕೂತು ನೀರಿನ ಕಲ್ಲುಗಳನ್ನು ಮಗುಚುತ್ತಿದ್ದಳು. "ಅಪ್ಪ, ಮಾತನಾಡಬೇಡ" ಎಂದು ಅಂಗೈ ಚಾಚಿದಳು. ಅಕ್ಕಿಕಾಳಿಗಿಂತ ಸ್ವಲ್ಪ ಉದ್ದದ ಒಂದು ಕೊಳವೆ. ಮರಳಿನ ಹರಳುಗಳನ್ನು ಒಂದಕ್ಕೊಂದು ಅಂಟಿಸಿ ಕಟ್ಟಿದ್ದು. ಒಂದು ಹರಳು ಮಾತ್ರ ಕೆಂಪು. ಕ್ಯಾಡಿಸ್ ಎಂಬ ಕೀಟದ ಮರಿ ತನ್ನದೇ ರೇಷ್ಮೆಯ ಅಂಟಿನಿಂದ ಕಟ್ಟಿಕೊಳ್ಳುವ ಮನೆ. ಮಗಳು ಉಸಿರನ್ನೂ ಬಿಗಿ ಹಿಡಿದಿದ್ದಳು. ಒಂದು ನಿಮಿಷವಾದ ಮೇಲೆ ಕಪ್ಪು ತಲೆ ಹೊರಬಂತು, ಹಿಂದೆಯೇ ಸಣ್ಣ ಕಾಲುಗಳು.

ನಮ್ಮ ಊರಿನಲ್ಲಿ ಬಚ್ಚಲ ನೀರು ಹರಿಯುವ ಬಾಳೆಯ ಬುಡ ಕೆದಕಿದರೆ ಎರೆಹುಳು ಧಾರಾಳ. ಅದನ್ನು ತೆಂಗಿನ ಚಿಪ್ಪಿನಲ್ಲಿ ತುಂಬಿಕೊಂಡು ಚಿಕ್ಕಪ್ಪನ ಹಿಂದೆ ಹಳ್ಳಕ್ಕೆ ಹೋಗುತ್ತಿದ್ದೆ. ಬಿದಿರ ಕೋಲು, ಒಂದು ಬೆಂಡು. ಇಡೀ ಸಂಜೆ ಅವರು ಆಡುತ್ತಿದ್ದದ್ದು "ಶ್" ಎಂಬುದೊಂದೇ. ಬೆಂಡು ಮುಳುಗಿದಾಗ ನನ್ನ ಭುಜ ಮುಟ್ಟಿ ಕೋಲನ್ನು ನನ್ನ ಕೈಗೆ ಕೊಡುತ್ತಿದ್ದರು. ಅವರು ತೀರಿಕೊಂಡಾಗ ವೀಸಾ ಮುದ್ರೆಯ ತಾಪತ್ರಯದಲ್ಲಿ ನಾನು ಹೋಗಲಾಗಲಿಲ್ಲ.

ಮಗಳು ಹುಳುವನ್ನು ಅದೇ ಕಲ್ಲಿನ ಕೆಳಗೆ ಬಿಟ್ಟಳು. ಮೀನು? ಇಲ್ಲ.

ನಿನ್ನೆ ಸಂಜೆ ಅಜ್ಜ ಕೋಲು ಒಯ್ಯಲು ಬಂದರು. ಸೂಜಿ ಹಿಡಿದ ನನ್ನನ್ನು ನೋಡಿ, "ಇದನ್ನು ಬಿಡಿಸುತ್ತಿದ್ದೀಯಾ? ನಾವು ಎರಡು ನಿಮಿಷ ನೋಡಿ ಕತ್ತರಿಸಿ ಬಿಸಾಡುತ್ತೇವೆ. ಹೊಸದಕ್ಕೆ ಐದಾರು ಡಾಲರ್ ಅಷ್ಟೇ" ಎಂದರು. ಇಷ್ಟು ಹೊತ್ತು ಎಲ್ಲಿದ್ದರು ಈ ಮಹಾನುಭಾವರು? ಹತ್ತು, ಎರಡು ಎಂದು ಅಷ್ಟು ಕೂಗಿದವರು ಇದೊಂದು ಮಾತು ಹೇಳಬಾರದಿತ್ತೇ? ಮಗಳು ಹಟ ಮಾಡಿ ಅಡುಗೆಮನೆಯಲ್ಲಿ ನೇತು ಹಾಕಿಸಿದ ಗಡಿಯಾರದಲ್ಲಿ ಎಂಟೂ ಇಪ್ಪತ್ತಾಗಿತ್ತು. ತಿಮ್ಮಪ್ಪನ ಮುಖಕ್ಕೆ ಎರಡು ಮುಳ್ಳುಗಳೂ ಜೋಲು ಮೀಸೆಯಂತೆ ಇಳಿಬಿದ್ದಿದ್ದವು.

ಹೆಂಡತಿ ಕೇಳದೆಯೇ ಕತ್ತರಿ ತಂದು ಮೇಜಿನ ಮೇಲಿಟ್ಟಳು. ನಾನು ಅದನ್ನು ಮುಟ್ಟಿಲ್ಲ. ಇನ್ನು ನಾಲ್ಕೇ ಕುಣಿಕೆ ಉಳಿದಿವೆ.