ಭೂರ್ಜದ ತೊಗಟೆ, ಮತ್ತು "ಯಾರು ನೋಡ್ತಾರೆ ಬಿಡಿ ಅಕ್ಕಾ"

ನಿನ್ನೆ ರಾತ್ರಿ ಕಾಡಿನಿಂದ ವಾಪಸ್ ಬಂದೆ. ಶೂ ಇನ್ನೂ ಬಾಗಿಲ ಹತ್ತಿರ ಒದ್ದೆಯಾಗಿಯೇ ಬಿದ್ದಿದೆ, ಬಟ್ಟೆಗೆಲ್ಲ ಹೊಗೆ ವಾಸನೆ. ಕಾಲು ನೋವು ಒಂದು ರಾತ್ರಿಗೆ ಹೋಯಿತು, ಸಿಟ್ಟು ಹೋಗಲಿಲ್ಲ. ಬರೆದು ಹಾಕದಿದ್ದರೆ ಇವತ್ತೂ ನಿದ್ದೆ ಬರಲ್ಲ.

ಬೇಸಿಗೆ ಬಂದರೆ ನಾವು ನಾಲ್ಕು ಜನ ಬೆನ್ನಿಗೆ ಚೀಲ ಹಾಕಿಕೊಂಡು ಹೊರಡೋದು ನಿಮಗೆ ಗೊತ್ತೇ ಇದೆ. ಫೋಟೋ ಹಾಕಿದಾಗೆಲ್ಲ "ಸ್ವೀಡನ್ ಅಂದ್ರೆ ಲಕ್ಷಗಟ್ಟಲೆ ಖರ್ಚು ಅಲ್ವಾ" ಅಂತ ಕೇಳುತ್ತೀರಿ. ಈ ಸಲದ ಲೆಕ್ಕ ಕೇಳಿ. ಸ್ಟಾಕ್‌ಹೋಮ್ ಮೆಟ್ರೋದ ಹಸಿರು ಲೈನು ಹಿಡಿದು ಬ್ಯೋರ್ಕ್‌ಹಾಗನ್ ಸ್ಟೇಷನ್ನಿನಲ್ಲಿ ಇಳಿದೆವು. ಸೋರ್ಮ್‌ಲ್ಯಾಂಡ್ಸ್‌ಲೇದನ್ ಅನ್ನುವ ಕಾಲುದಾರಿ ಅಲ್ಲಿಂದಲೇ ಶುರು. ಎಲ್ಲ ಹಂತ ಸೇರಿಸಿದರೆ ಸುಮಾರು 1000 ಕಿಲೋಮೀಟರ್. ಮರಗಳ ಮೇಲೆ ಬಳಿದ ಕಿತ್ತಳೆ ಬಣ್ಣದ ಗುರುತು ನೋಡಿಕೊಂಡು ನಡೆದರೆ ಆಯಿತು, ಗೈಡ್ ಬೇಡ, ಪ್ರವೇಶ ಶುಲ್ಕ ಇಲ್ಲ. ಚಾಪೆ, ಒಂದು ಬೆನ್ನುಚೀಲ ಫ್ರಿಟಿಡ್ಸ್‌ಬಾಂಕನ್‌ನಿಂದ ತಂದಿದ್ದೆವು. ಲೈಬ್ರರಿಯಲ್ಲಿ ಪುಸ್ತಕ ಕೊಡುವ ಹಾಗೆ ಅಲ್ಲಿ ಆಟದ, ಚಾರಣದ ಸಾಮಾನು 14 ದಿನಕ್ಕೆ ಕೊಡುತ್ತಾರೆ, ಒಂದು ಪೈಸೆ ತಗೊಳ್ಳಲ್ಲ. ಊಟಕ್ಕೆ ಗೊಜ್ಜವಲಕ್ಕಿ, ಚಪಾತಿ, ಚಟ್ನಿಪುಡಿ, ಟ್ರಾಂಗಿಯಾ ಅನ್ನುವ ಚಾರಣದ ಪುಟ್ಟ ಸ್ಟೌವ್ ಮೇಲೆ ಒಂದು ಉಪ್ಪಿಟ್ಟು. ದಾರಿಯುದ್ದಕ್ಕೂ ಬ್ಲೂಬೆರಿ, ಕಿತ್ತು ಬಾಯಿಗೆ ಹಾಕಿಕೊಂಡಷ್ಟೂ ನಮ್ಮದೇ. ತಲೆಗೆ 200 ಕ್ರೋನಾ (ಸ್ವೀಡನ್ನಿನ ದುಡ್ಡು) ಕೂಡ ಆಗಲಿಲ್ಲ. ಇಲ್ಲಿ ಹೋಟೆಲಿನಲ್ಲಿ ಒಬ್ಬರು ರಾತ್ರಿ ಊಟ ಮಾಡಿದರೆ ಅಷ್ಟು ಸಾಲಲ್ಲ.

ಮಲಗೋಕೆ ಕೆರೆ ದಂಡೆಯಲ್ಲಿ ಒಂದು ತಂಗುದಾಣ. ಮೂರು ಕಡೆ ಮರದ ಗೋಡೆ, ಮೇಲೊಂದು ಮಾಡು, ಮುಂದೆ ಬಯಲು. ಎದುರಿಗೆ ಕಲ್ಲು ಜೋಡಿಸಿದ ಒಲೆ, ಪಕ್ಕದಲ್ಲಿ ಸೌದೆ. ಯಾರೋ ಸೀಳಿ, ಒಟ್ಟಿ ಹೋಗಿದ್ದರು. ಯಾರು ಅಂತ ನಮಗೆ ಗೊತ್ತಿಲ್ಲ. ನಾವು ಬರುತ್ತೇವೆ ಅಂತ ಅವರಿಗೂ ಗೊತ್ತಿರಲಿಲ್ಲ.

ನಾವು ಹೋದಾಗ ಅಲ್ಲಿ ಇನ್ನೊಂದು ಗುಂಪು ಇತ್ತು. ಐದು ಹುಡುಗರು. ದೂರದಿಂದಲೇ ಕನ್ನಡ ಕೇಳಿಸಿತು. ಈ ದೇಶದಲ್ಲಿ, ಅದೂ ಕಾಡಿನ ನಡುವೆ, ಕನ್ನಡ ಕಿವಿಗೆ ಬಿದ್ದರೆ ಎಷ್ಟು ಖುಷಿಯಾಗುತ್ತೆ ಅಂತ ಹೊರಗಿರುವವರಿಗೆ ಗೊತ್ತು. ಓಡಿಹೋಗಿ ಮಾತಾಡಿಸಿದೆ. ಚಕ್ಕುಲಿ ಕೊಟ್ಟರು, ತಿಂದೆ. ಒಳ್ಳೆ ಹುಡುಗರೇ.

ಸೌದೆ ಸ್ವಲ್ಪ ಹಸಿಯಾಗಿತ್ತು, ಬೆಂಕಿ ಹಿಡಿಯಲಿಲ್ಲ. ಅವರಲ್ಲಿ ಒಬ್ಬ ಎದ್ದುಹೋಗಿ ಹತ್ತಿರದ ಭೂರ್ಜ (ಇಂಗ್ಲಿಷಿನಲ್ಲಿ ಬರ್ಚ್) ಮರದ ತೊಗಟೆಗೆ ಚಾಕು ಹಾಕಿದ. ಬಿಳಿ ತೊಗಟೆ, ಕಾಗದದ ಹಾಗೆ ಸುರುಳಿ ಸುರುಳಿಯಾಗಿ ಬರುತ್ತೆ, ಎಣ್ಣೆ ಅಂಶ ಇರೋದರಿಂದ ಚಟಚಟ ಅಂತ ಉರಿಯುತ್ತೆ. ಮೊದಲು ಒಂದು ಅಂಗೈಯಗಲ ಕಿತ್ತ. ಆಮೇಲೆ ಇನ್ನೊಂದು. ನೋಡನೋಡುತ್ತಾ ಸೊಂಟದಿಂದ ಎದೆಮಟ್ಟದವರೆಗೆ ಮರ ಬೆತ್ತಲಾಯಿತು. ತೊಗಟೆ ಎದ್ದ ಜಾಗ ಕೆಂಪು ಕಂದು, ಮುಟ್ಟಿದರೆ ತಣ್ಣಗೆ, ತೇವ. ಮಂಡಿ ತರಚಿದಾಗ ಚರ್ಮದ ಕೆಳಗೆ ಕಾಣುತ್ತಲ್ಲ, ಹಾಗೆ.

ನಾನು ಕೂಡಲೇ ಏನೂ ಹೇಳಲಿಲ್ಲ. ಈಗಲೂ ನನ್ನನ್ನು ಚುಚ್ಚುತ್ತಿರೋದು ಅದೇ. ಚಕ್ಕುಲಿ ತಿಂದ ಬಾಯಲ್ಲಿ ಬೈಯೋದು ಹೇಗೆ ಅಂತ ಸುಮ್ನೆ ಕೂತೆ. ಮೂರನೇ ಸಲ ಚಾಕು ಹಾಕಿದಾಗ ತಡೆಯಲಾಗದೆ ಎದ್ದೆ. "ಜೀವ ಇರೋ ಮರದ ತೊಗಟೆ ಕೀಳೋ ಹಾಗಿಲ್ಲ ಕಣಪ್ಪಾ, ಇಲ್ಲಿ ಅದು ಕಾನೂನು" ಅಂದೆ. ಅವನು ನಕ್ಕ. "ಯಾರು ನೋಡ್ತಾರೆ ಬಿಡಿ ಅಕ್ಕಾ."

ಆ ಮಾತು ನನ್ನ ಹಿಂದೆಯೇ ಮನೆಗೆ ಬಂದಿದೆ.

ಯಾರೂ ನೋಡುವುದಿಲ್ಲ, ನಿಜ. ಅಲ್ಲಿ ಗೇಟಿಲ್ಲ, ಗಾರ್ಡಿಲ್ಲ, ಕ್ಯಾಮೆರಾ ಇಲ್ಲ. ಅದಕ್ಕೇ ನಮಗೆ ಅಷ್ಟು ಕಡಿಮೆ ದುಡ್ಡಿನಲ್ಲಿ ಕಾಡು ಸಿಕ್ಕಿದ್ದು! ಅಲ್ಲೆಮನ್ಸ್‌ರೆಟ್ಟನ್ ಅಂತಾರೆ ಇಲ್ಲಿ, ಎಲ್ಲರ ಹಕ್ಕು. ಬೇರೆಯವರ ಜಮೀನಿನ ಕಾಡಲ್ಲೂ ನಡೆಯಬಹುದು, ಮನೆಯಿಂದ ದೂರದಲ್ಲಿ ಒಂದು ರಾತ್ರಿ ಟೆಂಟು ಹಾಕಬಹುದು, ಹಣ್ಣು, ಅಣಬೆ ಕೀಳಬಹುದು. 1994ರಿಂದ ಸಂವಿಧಾನದಲ್ಲೂ ಅದರ ಮಾತು ಸೇರಿದೆ. ಅದಕ್ಕೆ ಇರೋ ಷರತ್ತು ಒಂದೇ ಸಾಲು: ತೊಂದರೆ ಕೊಡಬೇಡ, ಹಾಳು ಮಾಡಬೇಡ. ಇಷ್ಟು ನಂಬಿ ಬಾಗಿಲು ತೆರೆದಿಟ್ಟ ಮನೆಯಲ್ಲಿ "ಯಾರು ನೋಡ್ತಾರೆ" ಅನ್ನೋದು ಹೇಗೆ?

ಗೊತ್ತು, ಕೆಲವರು ಹೇಳುತ್ತೀರಿ. ಇಲ್ಲಿನವರು ಮಾಡಲ್ವಾ? ಮಾಡುತ್ತಾರೆ. ಬಿಯರ್ ಡಬ್ಬ ಬಿಸಾಡಿ ಹೋದ ಸ್ವೀಡಿಷ್ ಹುಡುಗರನ್ನೂ ಕಂಡಿದ್ದೇನೆ, ಅವರ ಮೇಲೂ ಇಷ್ಟೇ ಸಿಟ್ಟು ಬಂದಿತ್ತು. ಲಕ್ಷಾಂತರ ಮರ ಇರೋ ದೇಶದಲ್ಲಿ ಒಂದು ಮರದ ತೊಗಟೆ ಹೋದರೆ ಏನಾಯ್ತು? ಒಂದೇ ಮರ ಅಲ್ಲ ಅದು. ತಂಗುದಾಣದ ಸುತ್ತ ಇರೋದೇ ಹತ್ತೋ ಹದಿನೈದೋ ಮರ, ಬರುವವರೆಲ್ಲ ಕೈ ಹಾಕೋದು ಅವಕ್ಕೇ. ವಾರವೆಲ್ಲ ದುಡಿದು ಎರಡು ದಿನ ಖುಷಿಯಾಗಿರೋಕೆ ಬಂದಿರ್ತಾರೆ, ಬಿಡು ಅಂತ ನನ್ನ ಜೊತೆಗಿದ್ದವಳೇ ಹೇಳಿದಳು. ನಾನೂ ವಾರವೆಲ್ಲ ದುಡಿದೇ ಹೋಗಿದ್ದೆ.

ನಮ್ಮ ಕೊಪ್ಪದ ಮನೆಯಲ್ಲಿ ಬಚ್ಚಲ ಒಲೆಗೆ ತಾನಾಗಿ ಉದುರಿದ ಕಟ್ಟಿಗೆ, ಒಣಗಿದ ಅಡಿಕೆ ಹಾಳೆ ಮಾತ್ರ. ಹಸಿ ಕೊಂಬೆ ತಂದರೆ ಅಜ್ಜಿ ಒಲೆ ಹತ್ತಿರ ಬಿಡುತ್ತಿರಲಿಲ್ಲ. ಆಕೆಗೆ ಯಾವ ಕಾನೂನೂ ಗೊತ್ತಿರಲಿಲ್ಲ. ಹಾಗಾಗಿ ಇದು ಸ್ವೀಡನ್ನಿನವರು ಬಂದು ನಮಗೆ ಕಲಿಸಬೇಕಾದ ವಿಷಯವೇ ಅಲ್ಲ. ಈ ಭೂರ್ಜ ನಮಗೆ ಹೊಸ ಮರವೂ ಅಲ್ಲ. ಸ್ವೀಡಿಷ್‌ನಲ್ಲಿ ಬ್ಯೋರ್ಕ್, ನಮ್ಮಲ್ಲಿ ಸಂಸ್ಕೃತದಿಂದ ಬಂದ ಭೂರ್ಜ, ಎರಡೂ ಒಂದೇ ಬೇರಿನ ಮಾತು. ಹಿಮಾಲಯದಲ್ಲಿ ಬೆಳೆಯುವ ಇದರ ಅಣ್ಣತಮ್ಮನ ತೊಗಟೆಯ ಮೇಲೂ ನಮ್ಮ ದೇಶದ ಹಳೆಯವರು ಬರೆಯುತ್ತಿದ್ದರು. ನಾವು ಇಳಿದ ಸ್ಟೇಷನ್ನಿನ ಹೆಸರಲ್ಲೇ ಆ ಮರ ಇದೆ.

ಹಾಳಾದ ಮೇಲೆ ಏನಾಗುತ್ತೆ ಅಂತ ನಾವು ಊರಲ್ಲಿ ನೋಡಿದ್ದೇವಲ್ಲ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಜನ ನುಗ್ಗಿದ ವಿಡಿಯೋ ನೀವೇ ಶೇರ್ ಮಾಡಿದ್ದಿರಿ. ಚಾರಣ ನಿಲ್ಲಿಸಿದರು. ಮತ್ತೆ ಬಿಟ್ಟಾಗ ಆನ್‌ಲೈನ್ ಬುಕಿಂಗ್, ದಿನಕ್ಕೆ 300 ಜನ. ಕಾಲೇಜಲ್ಲಿದ್ದಾಗ ಜೇಬಲ್ಲಿ ಬಸ್ ಚಾರ್ಜ್ ಮಾತ್ರ ಇಟ್ಟುಕೊಂಡು ಶನಿವಾರ ಬೆಳಿಗ್ಗೆ ಎದ್ದು ಹೊರಡುತ್ತಿದ್ದೆವಲ್ಲ, ಆ ಸುಖ ಈಗಿನ ಮಕ್ಕಳಿಗಿಲ್ಲ. ಇಲ್ಲೂ ಹಾಗಾಗಬಾರದು ಅಂತ ನನಗೆ ನಿಜವಾಗಲೂ ಭಯ ಇದೆ.

ಭಾನುವಾರ ಬೆಳಿಗ್ಗೆ ಆ ಹುಡುಗರು ಬೇಗ ಹೊರಟರು. ಕಸವನ್ನೆಲ್ಲ ಚೀಲಕ್ಕೆ ತುಂಬಿಕೊಂಡೇ ಹೋದರು, ಅದನ್ನೂ ಹೇಳಬೇಕು. ತೊಗಟೆ ಕಿತ್ತವನು ಮಾತ್ರ ಒಂದು ನಿಮಿಷ ಹಿಂದೆ ನಿಂತ. ಮರದ ಹತ್ತಿರ ಹೋಗಿ ಕಿತ್ತ ಜಾಗದ ಮೇಲೆ ಅಂಗೈ ಇಟ್ಟು ನೋಡಿದ. "ಇದು ಮತ್ತೆ ಬೆಳೆಯುತ್ತಾ ಅಕ್ಕಾ?" ಅಂತ ಕೇಳಿದ. ಬಿಳಿ ಬಣ್ಣ ಅಲ್ಲಿ ಮತ್ತೆ ಬರಲ್ಲ, ಕಪ್ಪು ಕಲೆಯಾಗಿ ಉಳಿಯುತ್ತೆ ಅಂದೆ. ತಲೆ ತಗ್ಗಿಸಿ ಹೋದ.

ನಾವು ಹೊರಡೋ ಮುಂಚೆ ಒಂದು ಗಂಟೆ ಕೂತು, ಇದ್ದ ದಿಮ್ಮಿಗಳನ್ನು ಸೀಳಿ, ಮಾಡಿನ ಕೆಳಗೆ ಒಣಗೋಕೆ ಒಟ್ಟಿ ಬಂದೆವು. ಸಣ್ಣ ಚಕ್ಕೆಗಳನ್ನು ಬೇರೆ ಇಟ್ಟಿದ್ದೇವೆ, ಮುಂದೆ ಬರುವವರಿಗೆ ಬೆಂಕಿ ಹಚ್ಚೋಕೆ.